ಸುತಳಿ ಎಳೆದು ಕೂಡಿಸಿದ ಗಾಜು

ಕಲಬುರಗಿಯ ಹುಮನಾಬಾದ್ ರಸ್ತೆಯ ಗ್ಯಾರೇಜೊಂದರಲ್ಲಿ ಹಳೆಯ ಅಂಬಾಸಿಡರ್‌ಗೆ ಮುಂದಿನ ಗಾಜು ಕೂಡಿಸುತ್ತಿದ್ದರು. ಮೊದಲು ಗಾಜಿನ ಅಂಚಿಗೆ ರಬ್ಬರ್ ಬೀಡಿಂಗ್, ಅಂದರೆ ಗಾಜನ್ನು ತಗಡಿಗೆ ಹಿಡಿದಿಡುವ ಸಂದಿರುವ ಪಟ್ಟಿ, ತೊಡಿಸಿದರು. ಬೀಡಿಂಗ್‌ನ ಹೊರಸಂದಿನಲ್ಲಿ ಸುತ್ತಲೂ ಸುತಳಿ ಹುದುಗಿಸಿ, ಎರಡೂ ತುದಿಗಳನ್ನು ಕೆಳಗೆ ನಡುಮಧ್ಯದಲ್ಲಿ ಇಳಿಬಿಟ್ಟರು. ಸಾಬೂನು ನೀರು ಬಳಿದು ಗಾಜನ್ನು ಹೊರಗಿನಿಂದ ಆನಿಸಿದರು. ಒಬ್ಬ ಒಳಗೆ ಕುಳಿತು ಸುತಳಿ ಎಳೆಯತೊಡಗಿದ. ಸುತಳಿ ಬಿಚ್ಚಿಕೊಂಡು ಬಂದ ಹಾಗೆಲ್ಲ ರಬ್ಬರಿನ ತುಟಿ ತಗಡಿನ ಅಂಚನ್ನು ದಾಟಿ ಒಳಮಗ್ಗುಲಿಗೆ ಮಗುಚಿಕೊಂಡಿತು. ಹೊರಗಿದ್ದವನು ಅಲ್ಲಲ್ಲೇ ಅಂಗೈಯಿಂದ ಗುದ್ದುತ್ತಾ ಬಂದ.

ಕಾರಿನ ಮಾಲೀಕರಿಗೆ ಇದು ಜುಗಾಡು ಅನ್ನಿಸಿತು. ಕಾರ್ಖಾನೆಯಲ್ಲಿ ಯಾವುದೋ ಯಂತ್ರ ಕೂಡಿಸಿರುತ್ತದೆ ಎಂದರು. ಇಲ್ಲ. ರಬ್ಬರಿನ ಕಾಲದ ಕಾರ್ಖಾನೆಗಳ ಜೋಡಣೆ ಸಾಲಿನಲ್ಲೂ ನಡೆಯುತ್ತಿದ್ದುದು ಇದೇ ಸುತಳಿ, ಇದೇ ಅಂಗೈ.

ಅದಕ್ಕೂ ಹಿಂದೆ ಗಾಜು ಚಪ್ಪಟೆಯಾಗಿತ್ತು, ಮನೆಯ ಕಿಟಕಿಯಂತೆ ಚೌಕಟ್ಟಿನೊಳಗೆ ಕೂರುತ್ತಿತ್ತು. ದೊಡ್ಡ ಗಾಜನ್ನು ಬಾಗಿಸುವುದು ಕಷ್ಟವಾದ್ದರಿಂದ ಎರಡು ತುಂಡು ಹಾಕಿ ನಡುವೆ ಪಟ್ಟಿ ಕೊಡುತ್ತಿದ್ದರು. ಬ್ರಿಟನ್ನಿನ ಮಾರಿಸ್ ಮೈನರ್ ಕಾರು 1956ರವರೆಗೂ ಹಾಗೇ ಇತ್ತು. ಅದೇ ಕಂಪನಿಯ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಾದ ಅಂಬಾಸಿಡರ್‌ಗೆ ಮಾತ್ರ ಬಾಗಿದ ಒಂದೇ ಗಾಜು.

ಬಾಗಿದ ಗಾಜಿಗೆ ರಬ್ಬರೇ ಸರಿಜೋಡಿ. ಬೆಸುಗೆ ಹಾಕಿ ಮಾಡಿದ ಎರಡು ಕಾರುಗಳ ಬಾಡಿಯ ಅಳತೆ ಕೂದಲೆಳೆಯಷ್ಟೂ ತಪ್ಪದೆ ಹೊಂದುವುದಿಲ್ಲ; ಆ ಹೆಚ್ಚುಕಡಿಮೆಯನ್ನು ರಬ್ಬರ್ ನುಂಗಿಕೊಳ್ಳುತ್ತದೆ. ಒಣಗಲು ಕಾಯಬೇಕಿಲ್ಲ, ಸಾಲು ನಿಲ್ಲುವುದಿಲ್ಲ.

ಅದರ ಶತ್ರು ಬಿಸಿಲು. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮೂರಲ್ಲಿ ಬೀಡಿಂಗ್ ಗಡಸಾಗಿ, ಕುಗ್ಗಿ, ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ತೊಗರಿ ಬಿತ್ತುವವರು ಬಾಯಿಬಿಟ್ಟು ಕಾದ ಮಳೆ ಬಂದ ದಿನ ಚಾಲಕನ ಮೊಣಕಾಲಿನ ಮೇಲೆ ನೀರು ತೊಟ್ಟಿಕ್ಕುತ್ತದೆ. ಅದನ್ನಾದರೂ ಒರೆಸಬಹುದು; ರಬ್ಬರಿನಡಿ ತಗಡಿಗೆ ಹಿಡಿಯುವ ತುಕ್ಕು ಗಾಜು ಬಿಚ್ಚುವವರೆಗೆ ಕಾಣುವುದೇ ಇಲ್ಲ.

ಅಮೆರಿಕದಲ್ಲಿ 1960ರ ದಶಕದಿಂದ ಗಾಜನ್ನು ಅಂಟಿನಿಂದ ಕೂಡಿಸುವುದು ಶುರುವಾಯಿತು. ಮುಂದೆ ಪಾಲಿಯುರೆಥೇನ್ ಅಂಟು ಎಲ್ಲೆಡೆ ಹಬ್ಬಿತು. ಅಂಟಿದ ಗಾಜು ಬಾಡಿಯ ಬಿಗಿತಕ್ಕೆ ಹೆಗಲು ಕೊಡುತ್ತದೆ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬಿದಾಗ ಆತುಕೊಳ್ಳುವುದೂ ಅದಕ್ಕೇ, ಆದ್ದರಿಂದ ಗಾಜು ಕಿತ್ತುಬರುವಂತಿಲ್ಲ. ಹೊಸ ಕಾರಿನ ಗಾಜಿನಂಚಿನಲ್ಲಿ ಕಪ್ಪು ಪಟ್ಟಿ, ಅದರ ಪಕ್ಕ ಸಣ್ಣ ಚುಕ್ಕಿಗಳಿರುತ್ತವೆಯಲ್ಲ? ಚಂದಕ್ಕೆ ಹಾಕಿದ್ದು ಎಂದೇ ನಾನೂ ಬಹುಕಾಲ ನಂಬಿದ್ದೆ. ಒಳಗಿನ ಅಂಟು ಬಿಸಿಲಿಗೆ ಹಾಳಾಗದಿರಲೆಂದು ಆ ಪಟ್ಟಿ. ಈಗ ಅಂಟು ಬಳಿಯುವುದು ರೋಬೋಟ್.

ಅಂಬಾಸಿಡರ್ ಕೊನೆಯವರೆಗೂ ರಬ್ಬರ್ ಬಿಡಲಿಲ್ಲ. ಅದರ ಉತ್ಪಾದನೆ ನಿಂತದ್ದು 2014ರಲ್ಲಿ. ಅದೇ ವರ್ಷ ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆಯಿತು.

ಗ್ಯಾರೇಜಿನಲ್ಲಿ ಮಾಲೀಕರು, ಬೀಡಿಂಗ್ ಸುತ್ತ ಅಂಟನ್ನೂ ತುಂಬಿಬಿಡು, ಮತ್ತೆ ಸೋರುವುದು ಬೇಡ ಎಂದರು. ಮೇಸ್ತ್ರಿ ಒಪ್ಪಲಿಲ್ಲ. “ಸಾಹುಕಾರರೇ, ಆಮೇಲೆ ಈ ಗಾಜು ಬಿಚ್ಚಬೇಕೆಂದರೆ ಒಡೆಯಬೇಕಾಗುತ್ತದೆ” ಎಂದು, ಸುತಳಿಯನ್ನು ಸುತ್ತಿ ಜೇಬಿಗಿಟ್ಟುಕೊಂಡ.