ಗುಳಿಗಿ ಪರ್ಸಿನಲ್ಲಿ, ನೋವು ತಲೆಯಲ್ಲಿ

ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆವು. ಸತ್ತೂರು ದಾಟುವಷ್ಟರಲ್ಲಿ ಅಕ್ಕ ಎಡಗಣ್ಣು ಮುಚ್ಚಿಕೊಂಡಳು. ಅರೆತಲೆನೋವು ಶುರುವಾದಾಗ ಅವಳು ಮಾಡೋದೇ ಹಾಗೆ. ಡಾಕ್ಟರ್ ಅದಕ್ಕೇ ಬರೆದುಕೊಟ್ಟ ಸುಮಾಟ್ರಿಪ್ಟಾನ್ ಗುಳಿಗಿ ಪರ್ಸಿನಲ್ಲೇ ಇತ್ತು. ತೊಗೊ ಅಂದರೆ, "ಇನ್ನೂ ಅಷ್ಟ ಜೋರ್ ಬಂದಿಲ್ಲ ತಡಿ, ಸುಮ್ನ ಗುಳಿಗಿ ಯಾಕ ನುಂಗೋದು?" ಎಂದಳು. ಉಣಕಲ್ ಕೆರೆ ಹತ್ತಿರ ಕಿಟಕಿಯ ಬೆಳಕೂ ಬೇಡ ಅಂದಳು. ಮನೆ ಮುಟ್ಟಿದಾಗ ವಾಂತಿ. ಆಮೇಲೆ ನುಂಗಿದ್ದು ನಾಟಲಿಲ್ಲ, ಬೈಗುಳ ಗುಳಿಗಿಗೆ ಬಿತ್ತು.

ಗುಳಿಗಿ ಪಾಪ ಏನು ಮಾಡೀತು, ಹೊತ್ತು ಮೀರಿತ್ತು. ಮೈಗ್ರೇನ್ ಬಂದಾಗ ಹೊಟ್ಟೆಯೂ ಮಂದವಾಗುತ್ತದೆ, ನುಂಗಿದ್ದು ಅಲ್ಲೇ ಕೂತಿರುತ್ತದೆ, ಕರುಳಿಗಿಳಿದು ರಕ್ತ ಸೇರೋದು ತಡ. ಇನ್ನೊಂದು ವಿಷಯವಿದೆ. ಶುರುವಿನಲ್ಲಿ ಗಲಾಟೆಯೆಲ್ಲ ಮಿದುಳಿನ ಹೊದಿಕೆಯ ನರಗಳಲ್ಲಿ. ಹಾಗೇ ಬಿಟ್ಟರೆ ಒಳಗಿನ ನರಕೋಶಗಳೂ ಕೆರಳುತ್ತವೆ. ಆಗ ಬಾಚಣಿಗೆ ತಾಗಿದರೂ ನೋವು, ಮುಡಿದ ಹೂವೂ ಚುಚ್ಚಿದಂತೆ. ಅಲ್ಲಿಗೆ ಮುಟ್ಟಿದ ಮೇಲೆ ಟ್ರಿಪ್ಟಾನ್, ಅಂದರೆ ಸುಮಾಟ್ರಿಪ್ಟಾನ್ ಗುಂಪಿನ ಔಷಧಿ, ಅಷ್ಟಾಗಿ ಕೆಲಸ ಮಾಡೋದಿಲ್ಲ. ಅದಕ್ಕೇ ನೋವು ಶುರುವಾದ ಕೂಡಲೇ ನುಂಗಬೇಕು.

1990ರ ದಶಕದ ಮೊದಲಲ್ಲಿ ಬಂದ ಸುಮಾಟ್ರಿಪ್ಟಾನಿನ ದಾರಿ ಮಾಮೂಲಿ ನೋವಿನ ಗುಳಿಗಿಗಿಂತ ಬೇರೆ. ನರಗಳ ನಡುವೆ ಸಂದೇಶ ಸಾಗಿಸುವ ಸಿರೊಟೋನಿನ್ ಎಂಬ ವಸ್ತು ಕೂರುವ ಕೆಲವು ಜಾಗಗಳಲ್ಲಿ ತಾನು ಕೂತು ತಲೆಯ ಹಿಗ್ಗಿದ ರಕ್ತನಾಳಗಳನ್ನು ಬಿಗಿ ಮಾಡುತ್ತದೆ, ನರದ ತುದಿಯಿಂದ ಸಿಜಿಆರ್‌ಪಿ ಎಂಬ ನೋವು ಕೆರಳಿಸುವ ವಸ್ತು ಸೋರದಂತೆ ತಡೆಯುತ್ತದೆ. ರಕ್ತನಾಳ ಬಿಗಿ ಮಾಡೋದೇ ತೊಡಕು ಕೂಡ. ಹೃದಯದ ರಕ್ತನಾಳದ ಕಾಯಿಲೆ ಇದ್ದವರು, ಲಕ್ವ ಹೊಡೆದವರು, ಬಿಪಿ ಹತೋಟಿಯಲ್ಲಿ ಇಲ್ಲದವರು ಇದನ್ನು ತೊಗೊಳ್ಳಬಾರದು. ಪಕ್ಕದ ಮನೆಯವರ ಸ್ಟ್ರಿಪ್ಪಿನಿಂದ ಒಂದು ಮುರಿದುಕೊಳ್ಳೋ ಚಟ ನಮ್ಮಲ್ಲಿ ಜಾಸ್ತಿ ಅಲ್ವಾ, ಅದಕ್ಕೇ ಹೇಳಿದೆ.

2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ರಿಮೆಜಿಪ್ಯಾಂಟ್ ಎಂಬ ಇನ್ನೊಂದು ಮೈಗ್ರೇನ್ ಔಷಧಿ ರಕ್ತನಾಳವನ್ನು ನೇರವಾಗಿ ಬಿಗಿ ಮಾಡದೆ, ಸಿಜಿಆರ್‌ಪಿ ಕೂರುವ ಜಾಗವನ್ನೇ ಮುಚ್ಚುತ್ತದೆ. ನಾಲಿಗೆ ಮೇಲೆ ಕರಗುವ ಮಾತ್ರೆ, ನೀರೂ ಬೇಡ. ಹಾಗಂತ ಜಾದೂ ಅಂದುಕೊಳ್ಳಬೇಡಿ: ಒಂದು ದೊಡ್ಡ ಪ್ರಯೋಗದಲ್ಲಿ 2 ಗಂಟೆಯೊಳಗೆ ನೋವು ಪೂರ್ತಿ ಹೋದವರು 100ಕ್ಕೆ 21 ಮಂದಿ, ಔಷಧಿಯಿಲ್ಲದ ಸುಳ್ಳು ಮಾತ್ರೆ ತೊಗೊಂಡವರಲ್ಲಿ 11.

ಬೇಗ ನುಂಗಿ ಅಂದೆ, ದಿನಾ ನುಂಗಿ ಅನ್ನಲಿಲ್ಲ. ತಿಂಗಳಿಗೆ 10 ದಿನ ಇಲ್ಲವೇ ಅದಕ್ಕೂ ಜಾಸ್ತಿ ಟ್ರಿಪ್ಟಾನ್ ತೊಗೊಳ್ಳುತ್ತಾ ಹೋದರೆ ಗುಳಿಗಿಯಿಂದಲೇ ತಲೆನೋವು ಹತ್ತಿಕೊಳ್ಳಬಹುದು. ಅಕ್ಕ ಈಗ ನುಂಗಿದ ದಿನಕ್ಕೆ ಕ್ಯಾಲೆಂಡರಿನಲ್ಲಿ ಪೆನ್ನಿನಿಂದ ಸುತ್ತು ಹಾಕುತ್ತಾಳೆ. ಹೋದ ತಿಂಗಳು ನಾಲ್ಕು ಸುತ್ತು, ಅದರಲ್ಲಿ ಎರಡು ಏಕಾದಶಿ ಮೇಲೇ ಬಿದ್ದಿವೆ.