ಜಾಡಿಯ ಹೊಳಪಿಗೆ ಬಣ್ಣ ಬಳಿದಿಲ್ಲ

ಆರ್ಥಿಕ ಮಹಾಕುಸಿತದಲ್ಲಿ ಕೆಲಸವಿಲ್ಲದೆ ಕುಳಿತಿದ್ದ ಕಲಾವಿದರಿಗೆ ಅಮೆರಿಕ ಸರ್ಕಾರ 1935ರಲ್ಲಿ ಒಂದು ವಿಚಿತ್ರ ಕೆಲಸ ಹಚ್ಚಿತು: ಹಳೆಯ ಮನೆಬಳಕೆಯ ಸಾಮಾನುಗಳನ್ನು ಇದ್ದದ್ದು ಇದ್ದ ಹಾಗೆ ಜಲವರ್ಣದಲ್ಲಿ ಬರೆಯುವುದು. 1942ರ ಹೊತ್ತಿಗೆ ಜಾಡಿ, ಕುರ್ಚಿ, ಆಟಿಕೆ, ಕೌದಿ ಎಂದು ಸುಮಾರು 18 ಸಾವಿರ ಚಿತ್ರಗಳಾದವು. ‘ಇಂಡೆಕ್ಸ್ ಆಫ್ ಅಮೆರಿಕನ್ ಡಿಸೈನ್’ ಎಂಬ ಈ ಸಂಗ್ರಹ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕ್ಯಾಮೆರಾ ಇರಲಿಲ್ಲವೇ? ಇತ್ತು. ಅಂದಿನ ಬಣ್ಣದ ಫೋಟೊಗಳನ್ನು ನೆಚ್ಚುವಂತಿರಲಿಲ್ಲ, ಅಷ್ಟೇ.

ಅದರಲ್ಲಿ ನನಗೆ ಮೆಚ್ಚುಗೆಯಾದವು ಬೂದುಬಣ್ಣದ ಮಣ್ಣಿನ ಜಾಡಿಗಳು, ನಮ್ಮ ಉಪ್ಪಿನಕಾಯಿ ಭರಣಿಯ ದೂರದ ನೆಂಟರು. ಮೈಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆದ ಹೂವೋ ಹಕ್ಕಿಯೋ. ಕುಲುಮೆ ಕೆಂಡವಾಗಿರುವಾಗ ಕುಂಬಾರ ಒಳಗೆ ಉಪ್ಪು ಎಸೆಯುತ್ತಿದ್ದ. ಉಪ್ಪಿನ ಸೋಡಿಯಂ ಜೇಡಿಮಣ್ಣಿನ ಸಿಲಿಕಾದೊಂದಿಗೆ ಬೆರೆತು ಗಾಜಿನ ತೆಳು ಹೊದಿಕೆಯಾಗುತ್ತಿತ್ತು. ಜಾಡಿಯ ಹೊಳಪು ಅದರದೇ.

ಚಿತ್ರದಲ್ಲಿ ಆ ಹೊಳಪು ಎಲ್ಲಿಂದ ಬಂತು? ಹತ್ತಿರದಿಂದ ನೋಡಿದರೆ ಅಲ್ಲಿರುವುದು ಬರಿಯ ಕಾಗದ. ಜಲವರ್ಣವೆಂದರೆ ನುಣ್ಣಗೆ ಅರೆದ ಬಣ್ಣದ ಪುಡಿ, ಅದನ್ನು ಹಿಡಿದಿಡಲು ಜಾಲಿಯ ಬಳಗದ ಮರದ ಅಂಟು. ನೀರು ಆರಿದ ಮೇಲೆ ಉಳಿಯುವುದು ತೀರ ತೆಳುವಾದ ಪದರ. ಬೆಳಕು ಅದನ್ನು ತೂರಿಕೊಂಡು ಹೋಗಿ, ಕಾಗದಕ್ಕೆ ಬಡಿದು, ಮತ್ತೆ ಅದೇ ಪದರವನ್ನು ದಾಟಿ ನಮ್ಮ ಕಣ್ಣಿಗೆ ಬರುತ್ತದೆ. ಎರಡು ಸಲ ಸೋಸಿದ ಬೆಳಕು! ಇನ್ನೊಂದು ಪದರ ಬಳಿದರೆ ಬೆಳಕು ಇನ್ನಷ್ಟು ಕಳೆಯುತ್ತದೆಯೇ ಹೊರತು ಕೂಡುವುದಿಲ್ಲ. ಆದ್ದರಿಂದ ಎಲ್ಲಿ ಕುಂಚ ತಾಗಿಸಬಾರದು ಎಂಬುದನ್ನು ಕಲಾವಿದ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಬಿಳಿ ಬಣ್ಣ ಮೆತ್ತಿ ಪಾರಾಗುವವರೂ ಇದ್ದಾರೆ. ಅದು ನನಗೆ ಸೇರುವುದಿಲ್ಲ.

ಒದ್ದೆ ಬಣ್ಣದ ಅಂಚು ಆರಿದಾಗ ಗಾಢವಾದ ಗೆರೆಯಾಗುವುದನ್ನೂ ಗಮನಿಸಿ. ಹನಿಯ ಅಂಚು ಕಾಗದಕ್ಕೆ ಕಚ್ಚಿಕೊಂಡಿರುತ್ತದೆ, ಅಲ್ಲಿಯೇ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಹೊರಕ್ಕೆ ಹರಿಯುವಾಗ ಬಣ್ಣದ ಕಣಗಳನ್ನೂ ಎಳೆದೊಯ್ಯುತ್ತದೆ. ಚೆಲ್ಲಿದ ಕಾಫಿಯ ಕಲೆಯಲ್ಲೂ ನಡೆಯುವುದು ಇದೇ. ಷಿಕಾಗೋ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 1997ರಲ್ಲಿ ಇದನ್ನು ವಿವರಿಸಿದರು. ಬಲ್ಲ ಕೈ ಈ ಗೆರೆಯನ್ನೇ ಜಾಡಿಯ ಅಂಚಾಗಿ ಬಳಸಿಕೊಳ್ಳುತ್ತದೆ.

‘ಥೇಟ್ ಫೋಟೊದ ಹಾಗಿದೆ’ ಎನ್ನುವುದು ಅರೆಮನಸ್ಸಿನ ಹೊಗಳಿಕೆ. ಅದರ ಬದಲು ಸಂಗ್ರಹದ ಒಂದು ಮಣ್ಣಿನ ಜಾಡಿಯನ್ನೂ ಒಂದು ತಾಮ್ರದ ಪಾತ್ರೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಗಾಜಿನ ಹೊದಿಕೆ ತನ್ನ ಮೇಲೆ ಬಿದ್ದ ಬೆಳಕನ್ನು ಆ ಬೆಳಕಿನದೇ ಬಣ್ಣದಲ್ಲಿ ಹಿಂದಿರುಗಿಸುತ್ತದೆ. ತಾಮ್ರ ನೀಲಿಯ ಪಾಲನ್ನು ಹೀರಿಕೊಂಡು, ಕೆಂಪು ಛಾಯೆಯ ಬೆಳಕನ್ನಷ್ಟೇ ಚೆನ್ನಾಗಿ ಹೊರಗೆ ಬಿಡುತ್ತದೆ. ಕಲಾವಿದ ತಾಮ್ರದ ಹೊಳಪಿನ ಸುತ್ತ ಒಂದು ತೆಳು ಕಿತ್ತಳೆ ಬಣ್ಣ ಹರಿಸಿದ್ದಾನೆಯೇ ಎಂದು ಹುಡುಕಿ.