ಸಾಲಿನ ಕೊನೆಯಲ್ಲಿ ಅಡಗಿದ 13

ಅಂಗೈಯಗಲದ ರಾಸ್ಪ್‌ಬೆರಿ ಪೈ ಎಂಬ ಗಣಕಕ್ಕೆ ಪರದೆಯನ್ನಾಗಲಿ ಕೀಲಿಮಣೆಯನ್ನಾಗಲಿ ಜೋಡಿಸದೆ, ಅದರೊಳಗಿನ ಲಿನಕ್ಸ್ ಕಡತಗಳನ್ನು ವಿಂಡೋಸ್ ಲ್ಯಾಪ್‌ಟಾಪ್‌ನಿಂದಲೇ ತಿದ್ದುವವರು ಅನೇಕರಿದ್ದಾರೆ. ಹೀಗೆ ತಿದ್ದುವಾಗ ಒಂದೋ ನಾವು ಒತ್ತಿದ ಕೀಲಿಗಳು ಪೈವರೆಗೆ ಹೋಗುತ್ತವೆ, ಇಲ್ಲವೇ ಕಡತವೇ ನಮ್ಮಲ್ಲಿಗೆ ಬಂದು ಹಿಂದಿರುಗುತ್ತದೆ. ತೊಂದರೆಗಳು ಹುಟ್ಟುವುದು ಹೆಚ್ಚಾಗಿ ಈ ಎರಡನೆಯ ಬಗೆಯಲ್ಲಿ.

ಎರಡಕ್ಕೂ ದಾರಿ, ದೂರದ ಯಂತ್ರದೊಳಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಪಾಸ್‌ವರ್ಡ್‌ಗಳ ಕಳವು ನಡೆದ ಬಳಿಕ ತಾತು ಯುಲೋನೆನ್ 1995ರಲ್ಲಿ ರೂಪಿಸಿದ ಈ ವಿಧಾನವು ಎರಡು ಯಂತ್ರಗಳ ನಡುವೆ ಓಡಾಡುವ ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸುತ್ತದೆ. 2018ರಿಂದ ವಿಂಡೋಸ್ 10ರಲ್ಲಿಯೇ ಇದು ಸೇರಿಕೊಂಡಿರುವುದರಿಂದ, ಇದೇ ಕೆಲಸಕ್ಕೆ ಬಳಸುವ ಪುಟ್ಟಿ ಎಂಬ (ಕನ್ನಡ ಕಿವಿಗೆ ಮುದ್ದಾಗಿ ಕೇಳಿಸುವ) ತಂತ್ರಾಂಶವಿಲ್ಲದೆಯೂ ಕೆಲಸ ಸಾಗುತ್ತದೆ.

ವಿಂಡೋಸ್‌ನಲ್ಲಿ ಆದೇಶಗಳನ್ನು ಬರೆಯುವ ಪವರ್‌ಶೆಲ್‌ನಿಂದ ಪೈಯೊಳಗೆ ಲಾಗಿನ್ ಆಗಿ, ಅಲ್ಲಿನ ಪಠ್ಯ ಸಂಪಾದಕವಾದ ನ್ಯಾನೊದಲ್ಲಿ ತಿದ್ದಿದರೆ ಕಡತವು ಇದ್ದಲ್ಲಿಂದ ಕದಲುವುದೇ ಇಲ್ಲ. ಆದರೆ ನೋಟ್‌ಪ್ಯಾಡ್‌ನಲ್ಲಿ ಹೊಸದಾಗಿ ಬರೆದ ಒಂದು ಪುಟ್ಟ ಸ್ಕ್ರಿಪ್ಟನ್ನು (ಆದೇಶಗಳ ಪಟ್ಟಿಯನ್ನು), ಎಸ್‌ಎಸ್‌ಎಚ್ ದಾರಿಯಲ್ಲೇ ಕಡತ ಸಾಗಿಸುವ ಎಸ್‌ಸಿಪಿಯ ಮೂಲಕ ಪೈಗೆ ಕಳುಹಿಸಿ ಓಡಿಸಿ ನೋಡಿ; ಕಡತ ಕಣ್ಣೆದುರಿಗೇ ಇದ್ದರೂ, ಕಡತವೇ ಸಿಗಲಿಲ್ಲ ಎಂದು ಲಿನಕ್ಸ್ ದೂರುತ್ತದೆ. ಇದರ ಕಾರಣ ಸಾಲಿನ ಕೊನೆಯಲ್ಲಿದೆ. ಹಳೆಯ ಟೆಲಿಪ್ರಿಂಟರುಗಳಲ್ಲಿ ಅಚ್ಚೊತ್ತುವ ಭಾಗವನ್ನು ಸಾಲಿನ ಆರಂಭಕ್ಕೆ ತರಲು ಒಂದು ಸಂಕೇತ, ಕಾಗದವನ್ನು ಒಂದು ಸಾಲು ಮೇಲೆತ್ತಲು ಇನ್ನೊಂದು ಸಂಕೇತ ಬೇಕಿತ್ತು. ಅಕ್ಷರ, ಸಂಕೇತಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ ಅವು 13 ಮತ್ತು 10. ವಿಂಡೋಸ್ ಪ್ರತಿ ಸಾಲಿನ ಕೊನೆಗೂ ಇವೆರಡನ್ನೂ ಇಡುತ್ತದೆ, ಯುನಿಕ್ಸ್ ಪರಂಪರೆಯ ಲಿನಕ್ಸ್‌ಗೆ 10 ಒಂದೇ ಸಾಕು. ಸ್ಕ್ರಿಪ್ಟಿನ ಮೊದಲ ಸಾಲು, ಆದೇಶಗಳನ್ನು ನಡೆಸುವ ತಂತ್ರಾಂಶವನ್ನು ಹೆಸರಿಸಿ, ‘ಬ್ಯಾಶ್‌ನಿಂದ ನಡೆಸು’ ಎಂದು ಹೇಳುವಾಗ 10 ಬರುವವರೆಗಿನ ಎಲ್ಲವನ್ನೂ ಹೆಸರಿನ ಭಾಗವೆಂದೇ ಓದುವ ಲಿನಕ್ಸ್, ಬಾಲದಲ್ಲಿ 13 ಅಂಟಿಸಿಕೊಂಡ ಬ್ಯಾಶ್ ಎಂಬ ತಂತ್ರಾಂಶವನ್ನು ಹುಡುಕುತ್ತದೆ. ಅಂಥದ್ದು ಇಲ್ಲವೇ ಇಲ್ಲವಾದ್ದರಿಂದ ಅದರ ದೂರು, ಒಂದರ್ಥದಲ್ಲಿ, ನಿಜವೇ.

ಕಡತದ ಒಳಗನ್ನು ತೋರಿಸುವ ಕ್ಯಾಟ್ ಆದೇಶಕ್ಕೆ ಇಂಗ್ಲಿಷಿನ ದೊಡ್ಡ ‘ಎ’ (-A) ಆಯ್ಕೆಯನ್ನು ಕೊಟ್ಟರೆ ಈ ಅದೃಶ್ಯ ಸಂಕೇತ ಹೊರಬಂದು ಟೋಪಿಯಂತಹ ಚಿಹ್ನೆ ಮತ್ತು ‘ಎಂ’ ಆಗಿ ಕಾಣಿಸುತ್ತದೆ. ‘ಎಂ’ ಇಂಗ್ಲಿಷ್ ವರ್ಣಮಾಲೆಯ 13ನೆಯ ಅಕ್ಷರ.

ಅನುಮತಿಯ ತೊಡಕು ಇದಕ್ಕಿಂತ ಸರಳವಾದುದು. ವ್ಯವಸ್ಥೆಯ ಸಂರಚನೆಯ ಕಡತಗಳು ಪೂರ್ಣ ಅಧಿಕಾರವುಳ್ಳ ರೂಟ್ ಬಳಕೆದಾರನ ಸ್ವತ್ತಾಗಿರುವುದರಿಂದ, ವಿಂಡೋಸ್‌ನಿಂದ ಕಡತ ಸಾಗಿಸುವ ವಿನ್‌ಎಸ್‌ಸಿಪಿಯಲ್ಲಿ ಅವನ್ನು ತೆರೆದು ಓದಬಹುದಾದರೂ ಉಳಿಸಲು ಹೋದಾಗ ಅನುಮತಿ ಸಿಗುವುದಿಲ್ಲ. ಅಂಥವನ್ನು ಪೈಯೊಳಗೇ ರೂಟ್‌ನ ಅಧಿಕಾರ ಕೊಡುವ ಸುಡೊ ಸಹಿತ ನ್ಯಾನೊದಲ್ಲಿ ತಿದ್ದುವುದೇ ಲೇಸು.

ವಿಎಸ್ ಕೋಡ್ ಎಂಬ ಸಂಪಾದಕ ತಂತ್ರಾಂಶ ಮೊದಲು ಹೇಳಿದ ಎರಡೂ ಬಗೆಗಳನ್ನು ಬೆರೆಸುತ್ತದೆ. ಕಿಟಕಿ ವಿಂಡೋಸ್‌ನಲ್ಲಿ ತೆರೆದುಕೊಂಡರೂ ಕಡತವನ್ನು ಓದಿ ಬರೆಯುವ ಸರ್ವರ್ ಭಾಗವನ್ನು ಅದು ಪೈಯಲ್ಲೇ ಸ್ಥಾಪಿಸುತ್ತದೆ. ಹಳೆಯ ಎಆರ್‌ಎಂವಿ6 ಪ್ರೊಸೆಸರ್ ಇರುವ ಮೊದಲ ಪೈ ಝೀರೋದಲ್ಲಿ ಈ ಸರ್ವರ್ ನಡೆಯುವುದಿಲ್ಲ, ಅಲ್ಲಿ ನ್ಯಾನೊವನ್ನೇ ನೆಚ್ಚಿಕೊಳ್ಳಬೇಕು. ಉಳಿದ ಕಡೆಗಳಲ್ಲಿ, ಆ ಕಿಟಕಿಯ ಕೆಳ ಅಂಚಿನಲ್ಲಿ ‘ಸಿಆರ್‌ಎಲ್‌ಎಫ್’ (13 ಮತ್ತು 10) ಎಂದು ಕಂಡರೆ ಅದನ್ನು ಒತ್ತಿ ‘ಎಲ್‌ಎಫ್’ (10 ಮಾತ್ರ) ಎಂದು ಬದಲಿಸಿ ಉಳಿಸಿದರಾಯಿತು, ಪ್ರತಿ ಸಾಲಿನ ಕೊನೆಯ 13 ಹೊರಬೀಳುತ್ತದೆ.